ಅಂಗಿಯ ಗುಂಡಿಗೆ ಒಂಬತ್ತು ಅಂಕ

ಬೆಳಿಗ್ಗೆ ಆರೂಕಾಲು. ಕಾಪು ಪೇಟೆಯಲ್ಲಿ ಶಿರ್ವದ ಕಡೆಯ ಬಸ್ಸು ಇನ್ನೂ ಹೊರಟಿಲ್ಲ. ಡ್ರೈವರ್ ಹಿಂದಿನ ಸೀಟಿನಲ್ಲಿ ಕುಳಿತ ವೆರೊನಿಕಾ ಮಥಾಯಸ್ ತೊಡೆಯ ಮೇಲೆ ಉತ್ತರಪತ್ರಿಕೆಗಳ ಕಟ್ಟು ಇಟ್ಟುಕೊಂಡು ಕೆಂಪು ಪೆನ್ನಿನ ಮುಚ್ಚಳ ತೆಗೆಯುತ್ತಾರೆ. "ಬಸ್ಸು ಹೊರಟರೆ ಅಕ್ಷರ ಕುಣಿಯುತ್ತದೆ. ನಿಂತಿರುವಾಗಲೇ ನಾಲ್ಕು ಮುಗಿಸಬೇಕು" ಎನ್ನುತ್ತಾರೆ. ಕಣ್ಣಲ್ಲಿ ಇನ್ನೂ ನಿದ್ದೆ ಉಂಟು.

ನಲವತ್ತೊಂಬತ್ತರ ವೆರೊನಿಕಾ ಹತ್ತೊಂಬತ್ತು ವರ್ಷಗಳಿಂದ ಕನ್ನಡದ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಕಾರ್ಕಳದ ಕಡೆಯ ಒಂದು ಕಾಲೇಜು, ಮಧ್ಯಾಹ್ನದ ಮೇಲೆ ಉಡುಪಿಯ ಇನ್ನೊಂದು. ದಿನಕ್ಕೆ ನಾಲ್ಕು ಬಸ್ಸು, ಐದು ತರಗತಿ. ಪ್ರತಿವರ್ಷ ಹೊಸದಾಗಿ ಅರ್ಜಿ. "ಮನೆಯಲ್ಲಿ ಕೊಂಕಣಿ. ಕನ್ನಡ ಶಾಲೆಯಲ್ಲಿ ಕಲಿತದ್ದು. ಈಗ ಅದೇ ಅನ್ನ" ಎನ್ನುತ್ತಾ ಬಿಸಿನೀರು ಗುಟುಕರಿಸುತ್ತಾರೆ. ಸಂಜೆಯ ಹೊತ್ತಿಗೆ ಗಂಟಲು ಕೂತುಹೋಗಿರುತ್ತದೆ.

ಅವರನ್ನು ಹುಡುಕಿಕೊಂಡು ಬರಲು ಕಾರಣ, ಉಡುಪಿಯ ಕಾಲೇಜಿನ ಎರಡನೇ ವರ್ಷದ ಪಠ್ಯದಲ್ಲಿರುವ ನಾಲ್ಕೇ ಪುಟದ ಒಂದು ಯುದ್ಧದ ಕತೆ. ಗಡಿಯ ಠಾಣೆಯಲ್ಲಿ ಸೈನಿಕನೊಬ್ಬ, ಸತ್ತ ಗೆಳೆಯನ ಅಂಗಿಗೆ ಕಿತ್ತುಹೋದ ಗುಂಡಿ ಹೊಲಿಯುತ್ತಾನೆ. ಕತೆಯಲ್ಲಿ ನಡೆಯುವುದು ಅಷ್ಟೇ.

"ಅವನು ಎಂಥವನು ಅಂತ ಬರೆದವರು ಎಲ್ಲಿಯೂ ಹೇಳುವುದಿಲ್ಲ. ಅವನು ಏನು ಮಾಡುತ್ತಾನೆ, ಏನು ಹೇಳದೆ ಬಿಡುತ್ತಾನೆ, ಅದನ್ನು ತೋರಿಸಿ ಸುಮ್ಮನಾಗುತ್ತಾರೆ. ಅಲ್ಲಿಂದ ನಾವೇ ಅವನನ್ನು ಗುರುತು ಹಿಡಿಯಬೇಕು, ಅಲ್ವಾ?" ಎನ್ನುತ್ತಾರೆ ವೆರೊನಿಕಾ.

ಗೈಡಿನಲ್ಲಿ ಮಾತ್ರ ಸಿದ್ಧ ಉತ್ತರ ಉಂಟು: ಗುಂಡಿ ಶಿಸ್ತಿನ ಸಂಕೇತ, ಸೈನಿಕ ಶಿಸ್ತಿನ ಮನುಷ್ಯ. ಕಳೆದ ವರ್ಷದ ಆಂತರಿಕ ಪರೀಕ್ಷೆಯಲ್ಲಿ ತರಗತಿಗೆ ತರಗತಿಯೇ ಅದನ್ನು ಬರೆಯಿತು. ಎಲ್ಲೂರಿನ ಚೈತಾಲಿ ಬರೆಯಲಿಲ್ಲ. ಅವಳ ತಂದೆ ವಿಠಲ ಸೇನೆಯಿಂದ ನಿವೃತ್ತರಾದವರು. ಅವಳು ಬರೆದದ್ದು ಹೀಗೆ: "ನನ್ನ ಅಪ್ಪ ರಜೆಯಲ್ಲಿ ಬಂದರೆ ಮಾತಾಡುತ್ತಿರಲಿಲ್ಲ. ಕೊಡೆ ರಿಪೇರಿ ಮಾಡುತ್ತಿದ್ದರು, ಬಾಗಿಲಿಗೆ ಎಣ್ಣೆ ಹಾಕುತ್ತಿದ್ದರು. ಕೈ ನಿಂತರೆ ಗಡಿಯಲ್ಲಿ ನೋಡಿದ್ದೆಲ್ಲ ನೆನಪಾಗುತ್ತದೆ. ಕತೆಯಲ್ಲಿ ಸೂಜಿ ಮೂರು ಸಲ ಬೆರಳಿಗೆ ಚುಚ್ಚುತ್ತದೆ, ಅವನಿಗೆ ಗೊತ್ತೇ ಆಗುವುದಿಲ್ಲ. ಇದು ಶಿಸ್ತಲ್ಲ, ಹೆದರಿಕೆ."

ವೆರೊನಿಕಾ ಹತ್ತಕ್ಕೆ ಒಂಬತ್ತು ಕೊಟ್ಟರು. ವಿಭಾಗದ ಮುಖ್ಯಸ್ಥರು ಕರೆದು, ಮಾದರಿ ಉತ್ತರದಲ್ಲಿ ಇದಿಲ್ಲ, ಮೂರಕ್ಕೆ ಇಳಿಸಿ ಅಂದರು. "ನೀವೇ ಇಳಿಸಿ ಸಹಿ ಹಾಕಿ ಸರ್, ನನ್ನಿಂದ ಆಗುವುದಿಲ್ಲ ಅಂದೆ ಮಾರಾಯ್ರೆ."

ಒಂಬತ್ತು ಹಾಗೆಯೇ ಉಳಿಯಿತು. ಆದರೆ ಈ ವರ್ಷದ ವೇಳಾಪಟ್ಟಿಯಲ್ಲಿ ಎರಡನೇ ವರ್ಷದ ತರಗತಿ ಅವರಿಗೆ ಇರಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ಕೇಳುವ ತ್ರಾಣ ಅವರಿಗೂ ಇರಲಿಲ್ಲ.

ಕಳೆದ ವರ್ಷ ಆ ಅಂಕ ಬಂದು ಕೆಲವು ವಾರಗಳ ನಂತರ ವಿಠಲ ಕಾಲೇಜಿನ ಗೇಟಿನಲ್ಲಿ ಕಾದು ನಿಂತಿದ್ದರು. ಕೈಯಲ್ಲಿ ಮಡಚಿದ ಅದೇ ಉತ್ತರಪತ್ರಿಕೆ. ಗಲಾಟೆಗೆ ಬಂದಿರಬೇಕೆಂದು ವೆರೊನಿಕಾ ಹೆದರಿದರು. "'ಇವಳು ಇಷ್ಟು ನೋಡಿದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ ಮೇಡಂ' ಅಂದರು." ಈಗ ಅಪ್ಪ ಮಗಳು ಊಟದ ಹೊತ್ತಿಗೆ ಸ್ವಲ್ಪ ಮಾತಾಡುತ್ತಾರಂತೆ. ಚೈತಾಲಿಯೇ ಹೇಳಿದ್ದು.

ಇನ್ನೇನು ಬೇಕು ಎಂದು ಕೇಳಿದರೆ ವೆರೊನಿಕಾ ಪತ್ರಿಕೆಗಳನ್ನು ಚೀಲಕ್ಕೆ ತುಂಬುತ್ತಾರೆ.

"ಆ ಪಾಠ ಇನ್ನೊಂದು ಸಲ ನನಗೆ ಸಿಗಬೇಕು. ಆರು ವರ್ಷ ಮಾಡಿದ್ದೇನೆ, ಸೂಜಿ ಚುಚ್ಚಿದ್ದು ನನಗೂ ಕಂಡಿರಲಿಲ್ಲ."