ಅಕ್ಕನ ಏಳು ಹಾಡಿಗೆ ನನ್ನ ಅಭಿಪ್ರಾಯ

ಹಾಡಿರಲಿ, ಸಿನಿಮಾ ಇರಲಿ, ಕಾಮಿಕ್ಸ್ ಇರಲಿ, ನನ್ನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ; ಆದರೂ ಹೇಳುತ್ತೇನೆ. ಎಂಟು ಹಾಡಿನ ಆಲ್ಬಮ್‌ನಲ್ಲಿ ಕೇಳುವಂಥವು ಎರಡೇ. ಉಳಿದವು ದಿಬ್ಬಣದ ಜೊತೆ ಬಂದ ನೆಂಟರ ನೆಂಟರು. ಸಿನಿಮಾದಲ್ಲಿ ಹಾಡು ಶುರುವಾದೊಡನೆ ಜನ ಚಹಾಕ್ಕೆ ಏಳುತ್ತಾರೆಂದರೆ ತಪ್ಪು ಚಹಾದ್ದಲ್ಲ. ಮಗಳ ಕಾಮಿಕ್ಸ್‌ನಲ್ಲಿ ನಾಯಕ ಹಾಡಿದರೆ ಬಾಯಿಯ ಪಕ್ಕ ಎರಡು ಸ್ವರಚಿಹ್ನೆ ಬರೆದು ಕೈತೊಳೆದುಕೊಂಡಿರುತ್ತಾರೆ. ಯಾವ ರಾಗವೆಂದು ತಿಳಿಯದೆ ನನಗೆ ಆ ಪುಟ ದಾಟುವುದು ಕಷ್ಟ.

"ನಿಮ್ಮಪ್ಪ ಚಿತ್ರದಾಗೂ ರಾಗ ಹುಡುಕ್ತಾರ ನೋಡು," ಎಂದು ಹೆಂಡತಿ ಮಗಳಿಗೆ ಹೇಳುತ್ತಾಳೆ.

ಇಂಥ ನನ್ನ ಅಭಿಪ್ರಾಯವೇ ಬೇಕೆಂದವಳು ಒಬ್ಬಳು, ರಾಣೆಬೆನ್ನೂರಿನ ನನ್ನ ಅಕ್ಕ. ಭಜನಾ ಮಂಡಳಿಯ ಹಿಂದಿನ ಸಾಲಿನಲ್ಲಿ ಕೂತು ಹಾಡಿದ್ದು ಸಾಕೆನಿಸಿ, ಐವತ್ತು ದಾಟಿದ ಮೇಲೆ, ಊರಿನ ಒಂದು ಸ್ಟುಡಿಯೋದಲ್ಲಿ ಏಳು ಹಾಡು ರೆಕಾರ್ಡ್ ಮಾಡಿಸಿದ್ದಳು. ನಾನು ಹಾವೇರಿಯಿಂದ ಅವಳ ಮನೆಗೆ ಹೋಗಿದ್ದಾಗ ಅವನ್ನು ನನ್ನ ಮೊಬೈಲಿಗೆ ಹಾಕಿದಳು.

"ಎಲ್ಲಾರೂ ಛಲೋ ಐತಿ ಅಂತಾರ. ನಮ್ಮನ್ಯಾಗ ಉಂಡವ್ರು ಮತ್ತೇನಂತಾರ? ನೀ ಸುಮ್ಮಸುಮ್ಮನ ಹೊಗಳಾಂವಲ್ಲ. ನೀ ಹೂಂ ಅಂದ್ರ ಮಂದಿಗೆ ಕೇಳಸ್ತೇನಿ. ಇಲ್ಲಂದ್ರ ಡಿಲೀಟ್ ಮಾಡತೇನಿ, ಇನ್ನೊಮ್ಮೆ ಹಾಡೋ ಮಾತ ಇಲ್ಲ."

ಹಾವೇರಿಗೆ ಮರಳುವ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡೆ. ಮೊದಲೆರಡು ಹಾಡಿಗೆ ಎದೆ ಡವಗುಟ್ಟಿತು; ಸಂಗೀತಕ್ಕಲ್ಲ, ಚೆನ್ನಾಗಿರದಿದ್ದರೆ ಏನು ಹೇಳುವುದೆಂಬ ಭಯಕ್ಕೆ. ಬಸ್ಸು ಬ್ಯಾಡಗಿಯೊಳಗೆ ತೆವಳುತ್ತಿದ್ದಾಗ ಮೂರನೆಯ ಹಾಡು ಬಂತು. ಕಣ್ಣು ಮುಚ್ಚಿದ್ದೆ. ರೆಪ್ಪೆ ಒದ್ದೆಯಾಯಿತು, ಗಂಟಲು ಕಟ್ಟಿತು. ಸದ್ಯ, ಅಳುತ್ತಿದ್ದೇನೆ! ಅಲ್ಲಿಂದಲೇ ಫೋನ್ ಹಚ್ಚಿ, "ಅಕ್ಕಾ, ಕಣ್ಣಾಗ ನೀರು ಬಂತು," ಎಂದೆ.

"ಖರೇನ?" ಎಂದಳು.

ಮನೆಯಲ್ಲಿ ಹೆಂಡತಿಗೆ ಅತ್ತ ಸುದ್ದಿ ಹೇಳಿ, ಅದೇ ಹಾಡನ್ನು ಕೇಳಿಸಿದೆ. ನನ್ನ ಕಣ್ಣು ಒಣಗಿಯೇ ಇತ್ತು. ಮತ್ತೆ ಹಾಕಿದೆ. ಊಹೂಂ.

"ಎಲ್ಲಿ ಕೇಳಿ ಅತ್ರಿ?"

"ಬ್ಯಾಡಗಿ ಮಾರ್ಕೆಟ್ ಮುಂದ. ಲಾರಿ ಅಡ್ಡ ನಿಂತಿದ್ವು."

"ಮೆಣಸಿನಕಾಯಿ ಲಾರಿ?" ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. "ಬಸ್ಸಿನ್ಯಾಗಿದ್ದವ್ರೆಲ್ಲಾ ಅಕ್ಕನ ಹಾಡು ಕೇಳಾಕತ್ತಿದ್ರೇನ್ರಿ?"

ಕಂಡಕ್ಟರ್ ಮೂಗಿಗೆ ಕರವಸ್ತ್ರ ಹಿಡಿದಿದ್ದು, ಹಿಂದಿನ ಸೀಟಿನವರು ಸಾಲಾಗಿ ಸೀನಿದ್ದು ಆಗ ನೆನಪಾಯಿತು.

ಅಷ್ಟರಲ್ಲಿ ಅಕ್ಕ ನನ್ನ ಕಣ್ಣೀರಿನ ಸುದ್ದಿಯನ್ನು ಕುಪ್ಪೇಲೂರಿನ ಬೀಗರವರೆಗೂ ಮುಟ್ಟಿಸಿದ್ದಳು. ನಿಜ ಹೇಳಿದರೆ ಅವಳು ಹಾಡುವುದನ್ನೇ ಬಿಡುತ್ತಾಳೆ. ಹೇಳದಿದ್ದರೆ ನನ್ನ ಮಾತು ನಂಬಿ ಮಂದಿಯ ಮುಂದೆ ನಿಲ್ಲುತ್ತಾಳೆ. ವಾರವಿಡೀ ಇವೆರಡನ್ನೇ ಅತ್ತಿಂದಿತ್ತ ಹೊರಳಿಸಿ, ಭಾನುವಾರ ರಾಣೆಬೆನ್ನೂರಿಗೆ ಹೋಗಿ, ನೆಲ ನೋಡುತ್ತ ಎಲ್ಲ ಹೇಳಿಬಿಟ್ಟೆ.

"ಬ್ಯಾಡಗಿ ಕಾಯಿಗೆ ಬಣ್ಣ ಭಾಳ, ಖಾರ ಕಡಿಮಿ. ಅದಕ್ಕೂ ಅಳಾಕ ಕುಂತ್ಯಲ್ಲೋ ತಮ್ಮಾ!" ಎಂದಳು. ನಗಲಿಲ್ಲ. ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಅಳೋದು ಇರ್ಲಿ. ಹಾಡು ಹೆಂಗದಾವ?"

"ಕೀಬೋರ್ಡಿನಾಂವ ಮದುವಿಗೆ ಬಂದಂಗ ಬಾರಿಸ್ಯಾನ. ನಿನ್ನ ದನಿನ ಕೇಳಸೂದಿಲ್ಲ. ಮೂರನೇದ್ದು ಭಾಳ ಓಡೇತಿ."

ಅವಳು ಎದ್ದು ಒಳಗೆ ಹೋದಳು. ಮುಗಿಯಿತು ಎಂದುಕೊಂಡೆ. ಹಾರ್ಮೋನಿಯಂ ಹಿಡಿದು ಬಂದಳು.

"ಸ್ಟುಡಿಯೋದಾಂವ ಲಗೂ ಮುಗಸ್ರಿ ಅಂತಿದ್ದ. ಈಗ ಕೇಳು."

ಮೂರನೆಯದನ್ನೇ ನಿಧಾನವಾಗಿ ಹಾಡಿದಳು. ಎರಡನೆಯ ನುಡಿಯಲ್ಲಿ ಮೇಲಿನ ಸ್ವರ ಜಾರಿತು. ನಿಲ್ಲಿಸಿ, ಮತ್ತೆ ಹಿಡಿದಳು. ನನ್ನ ಬಾಯಿಗೆ ಒಂದು ತಪ್ಪೂ ಸಿಗಲಿಲ್ಲ. ಮುಗಿದ ಮೇಲೆ, "ಹಿಂಗ ಹಾಡಿ ಬಾ," ಎಂದೆ, ಅಷ್ಟೇ.

ಅಕ್ಕ ಆಗಲೇ ಸ್ಟುಡಿಯೋಕ್ಕೆ ಫೋನ್ ಹಚ್ಚಿದ್ದಳು. "ಹೂಂನ್ರಿ, ಮತ್ತ ಹಾಡತೇನಿ. ಕೀಬೋರ್ಡ್ ಬ್ಯಾಡ್ರಿ. ನಮ್ಮ ತಮ್ಮ ಹೇಳ್ಯಾನ." ಆ ಕಡೆಯವನು ಏನೋ ಕೇಳಿದ. ಅಕ್ಕ ನನ್ನತ್ತ ನೋಡಿ, "ಇಲ್ರಿ, ಅವಂಗ ಹಾಡಾಕ, ಬಾರಸಾಕ ಏನೂ ಬರೂದಿಲ್ರಿ. ಬರೇ ಕೇಳತಾನ," ಎಂದಳು.