ಬಾಗಿಲು ತಟ್ಟಿದ ದೀಪ

ಮೈಮೇಲೆ ಮಾಂಸವಿಲ್ಲ, ಮಾತಿನಲ್ಲಿ ಮುಲಾಜಿಲ್ಲ. ಹಾಗಾಗಿ ಮನೆಯವರೂ ಕೆಲಸದ ಜಾಗದವರೂ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಅದಕ್ಕೆಲ್ಲ ಬೇಸರಪಟ್ಟುಕೊಳ್ಳುವ ಹೆಂಗಸಲ್ಲ ಅವಳು. ಅವಳ ಹೊಟ್ಟೆಯ ಉರಿಗೆ ಕಾರಣ ಬೇರೆಯೇ ಇತ್ತು. ಆ ಬೆಂಕಿ ಇಟ್ಟವನು ಸ್ವಂತ ಅಕ್ಕನ ಗಂಡ.

ಭಾವನದು ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಯಂತ್ರಗಳ ಕಾರ್ಖಾನೆ. ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಒಳಗೆ ತಟ್ಟೆ ತಟ್ಟೆ ಮೊಟ್ಟೆ, ಬಾಗಿಲ ಮೇಲೆ ಅಂಗೈಯಗಲದ ಬೋರ್ಡು. ಕಾವು ಏರದಂತೆ, ಇಳಿಯದಂತೆ ನೋಡಿಕೊಳ್ಳುವುದು ಆ ಬೋರ್ಡಿನ ಚಿಪ್. ಭಾವ ಚಿಪ್ ತರುತ್ತಿದ್ದದ್ದು ತರಕಾರಿ ತಂದ ಹಾಗೆ: ಅಂದು ಯಾವುದು ಅಗ್ಗವೋ ಅದು. ಚಿಪ್ ಬದಲಾದಾಗಲೆಲ್ಲ ಪ್ರೋಗ್ರಾಮನ್ನು ಮೊದಲಿನಿಂದ ಬರೆಯಬೇಕು. ಆ ಕೆಲಸಕ್ಕೆಂದೇ ಅಲ್ಲಿದ್ದ ಕಡ್ಡಿಗೆ ತಲೆ ಕೆಟ್ಟುಹೋಯಿತು. ಒಂದು ಮಳೆಗಾಲವಿಡೀ ಕೂತು ರನ್‌ಟೈಮ್ ಬರೆದಳು. ಕಾವಿನ ಪ್ರೋಗ್ರಾಮನ್ನು ಬೈಟ್‌ಕೋಡ್ ಎಂಬ ಪುಟ್ಟ ಆಜ್ಞೆಗಳ ಸಾಲಾಗಿ ಒಮ್ಮೆ ಮಾಡಿಟ್ಟರೆ ಸಾಕು. ರನ್‌ಟೈಮ್ ಅವನ್ನು ಒಂದೊಂದಾಗಿ ಓದಿ, ತಾನು ಕೂತ ಚಿಪ್‌ಗೆ ತಿಳಿಯುವ ಹಾಗೆ ನಡೆಸಿಕೊಡುತ್ತಿತ್ತು. ಚಿಪ್ ಬದಲಾದರೆ ರನ್‌ಟೈಮಿನ ತಳಪಾಯವನ್ನಷ್ಟೇ ತಿದ್ದುವುದು, ಪ್ರೋಗ್ರಾಮನ್ನು ಮುಟ್ಟಬೇಕಿಲ್ಲ. ಚಿಪ್‌ನಲ್ಲಿ ಜಾಗವೋ, ಕಾಲು ಚಾಚಿದರೆ ಗೋಡೆ. ಒಂದೊಂದು ಬೈಟಿಗೂ ಅವಳು ಜಿಪುಣಿಯಾದಳು.

ಒಂದು ಕಡೆ ಮಾತ್ರ ಕೈ ಬಿಚ್ಚಿದಳು. ಹೊಸ ಚಿಪ್‌ಗೆ ರನ್‌ಟೈಮ್ ಹಾಕಿದೊಡನೆ ಅವಳು ಮಾಡುತ್ತಿದ್ದ ಮೊದಲ ಪರೀಕ್ಷೆ, ಬೋರ್ಡಿನ ಹಸಿರು ದೀಪ ಮಿಣುಕಿಸುವುದು. ಎರಡು ಬೇಗ, ಒಂದು ನಿಧಾನ, ಮತ್ತೆ ಎರಡು ಬೇಗ. ಲಯ ಸರಿಯಿದ್ದರೆ ಒಳಗಿನ ಎಣಿಕೆಯೂ ಸರಿ. ಆ ಲಯ ಅವಳ ಅಮ್ಮನದು. ಗಿರಣಿಯ ಪಾಳಿ ಮುಗಿಸಿ ಬಂದ ಅಮ್ಮ ಬಾಗಿಲು ತಟ್ಟುತ್ತಿದ್ದದ್ದು ಹಾಗೆ. ಮನೆಯಲ್ಲಿ ಹೆಣ್ಣುಮಕ್ಕಳಿಬ್ಬರೇ, ಹೀಗೆ ತಟ್ಟಿದರೆ ಯಾರೆಂದು ಕೇಳದೆ ತೆಗೆಯಿರಿ, ಬೇರೆ ಹೇಗೆ ತಟ್ಟಿದರೂ ತೆಗೆಯಬೇಡಿ, ಇದನ್ನು ಯಾರಿಗೂ ಹೇಳಲೂಬೇಡಿ ಎಂದು ಅಮ್ಮ ಕಟ್ಟಪ್ಪಣೆ ಮಾಡಿದ್ದಳು. ಅಮ್ಮ ಹೋದಮೇಲೂ ಅಕ್ಕ ತಂಗಿ ಬಾಯಿ ಬಿಡಲಿಲ್ಲ. ಕಡ್ಡಿ ಆ ಪರೀಕ್ಷೆಯನ್ನು ರನ್‌ಟೈಮಿನಿಂದ ತೆಗೆಯಲೇ ಇಲ್ಲ. ಹಾಗಾಗಿ ಪ್ರತಿ ಯಂತ್ರವೂ ಆನ್ ಆಗಿ ಕಣ್ಣು ಬಿಡುವಾಗ ಅಮ್ಮನ ಹಾಗೆ ಒಮ್ಮೆ ತಟ್ಟುತ್ತಿತ್ತು.

ಯಂತ್ರಗಳಿಗೆ ಬೇಡಿಕೆ ಏರಿದ್ದೇ ತಡ, ಭಾವನ ವರಸೆ ಬದಲಾಯಿತು. ರನ್‌ಟೈಮಿನಲ್ಲಿದ್ದ ಅವಳ ಹೆಸರು ಅಳಿಸಿ ತನ್ನದು ಹಾಕಿಕೊಂಡ. ಆಮೇಲೆ ಅವಳನ್ನೇ ಕೆಲಸದಿಂದ ಕಿತ್ತುಹಾಕಿದ. ಕಡ್ಡಿ ಅಕ್ಕನ ಮನೆಗೆ ಓಡಿದಳು. ಅಕ್ಕ ಹೊಸ್ತಿಲಲ್ಲೇ ನಿಲ್ಲಿಸಿದಳು.

"ನೀನೇ ಬರೆದಿದ್ದು ಅನ್ನೋದಕ್ಕೆ ಏನೇ ಗುರುತು? ಅವ್ರು ಹಗಲೂ ರಾತ್ರಿ ಒದ್ದಾಡಿದ್ದನ್ನ ನಾನು ನೋಡಿದೀನಿ."

ಹಾಗೆಂದು ಬಾಗಿಲು ಹಾಕಿಕೊಂಡಳು. ಭಾವನ ಕಳ್ಳತನಕ್ಕಿಂತ ಆ ಬಾಗಿಲೇ ಕಡ್ಡಿಯನ್ನು ಹೆಚ್ಚು ಸುಟ್ಟಿತು. ಗುರುತು ಇತ್ತು, ನಾಲಿಗೆ ತುದಿಗೂ ಬಂದಿತ್ತು. ಆದರೆ ಈಗ ಹೇಳಿದರೆ ಅಕ್ಕ ಅದನ್ನು ನುಂಗಿಕೊಂಡು ಗಂಡನ ಮಾನ ಮುಚ್ಚುತ್ತಾಳೆ. ನಾಲ್ಕು ಜನರ ಮುಂದೆಯೇ ತಿಳಿಯಲಿ ಎಂದು ಕಡ್ಡಿ ತುಟಿ ಕಚ್ಚಿದಳು.

ತನ್ನ ಹಳೆಯ ಪಾಸ್‌ವರ್ಡ್ ಬಳಸಿ ದೂರದಿಂದಲೇ ಒಂದು ತಪ್ಪು ಆಜ್ಞೆ ಕಳಿಸಿ ಅಷ್ಟೂ ಯಂತ್ರಗಳ ಕಾವು ಆರಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭವಿತ್ತು. ಸಾಯುವುದು ಮೊಟ್ಟೆಯೊಳಗಿನ ಮರಿಗಳು. ಭಾವ ಇನ್ಯಾರದೋ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಾನೆ. ಅದಲ್ಲ ಅವಳಿಗೆ ಬೇಕಿದ್ದದ್ದು. ಭಾವ ತನ್ನ ಬಾಯಿಂದಲೇ ಸಿಕ್ಕಿಬೀಳಬೇಕು, ಅಕ್ಕ ಅದನ್ನು ಕಣ್ಣಾರೆ ಕಾಣಬೇಕು. ಹಲ್ಲು ಕಚ್ಚಿಕೊಂಡು ಕಾದಳು.

ಯಂತ್ರಗಳ ಪ್ರದರ್ಶನದಲ್ಲಿ ಭಾವನಿಗೆ ಸನ್ಮಾನವಾಯಿತು. ಕಾರ್ಖಾನೆಯ ಕಡೆ ತಲೆ ಹಾಕಿಯೂ ಮಲಗದ ಅಕ್ಕ, ಅಂದು ಸನ್ಮಾನದ ಫಲಕ ಹಿಡಿದು ಮಳಿಗೆಯಲ್ಲಿ ಗಂಡನ ಪಕ್ಕ ಬೀಗುತ್ತ ನಿಂತಿದ್ದಳು. ಗಿರಾಕಿಗಳ ನಡುವಿನಿಂದ ಕಡ್ಡಿ ಮುಂದೆ ಬಂದಳು. ಭಾವನ ಮುಖ ಹುಳ್ಳಗಾಯಿತು, ಆದರೂ ಜನರೆದುರು ನಗಲೇಬೇಕಾಯಿತು.

"ಭಾವ, ಒಂದ್ಸಲ ಆಫ್ ಮಾಡಿ ಆನ್ ಮಾಡಿ. ಆ ದೀಪ ಯಾಕೆ ಹಾಗೆ ಮಿಣುಕುತ್ತೆ ಅಂತ ಇವರಿಗೆಲ್ಲ ಹೇಳಿ."

ಭಾವ ಗುಂಡಿ ಒತ್ತಿದ. ದೀಪ ಮಿಣುಕಿತು. ಮೊದಲ ಎರಡು ಕಾವಿನ ಲೆಕ್ಕಕ್ಕೆ, ನಡುವಿನದು ಫ್ಯಾನಿಗೆ, ಕೊನೆಯವು ತೇವಕ್ಕೆ ಎಂದು ನಿಂತಲ್ಲೇ ಬುರುಡೆ ಬಿಟ್ಟ. ಎಲ್ಲ ತಾನೇ ಯೋಚಿಸಿ ಇಟ್ಟದ್ದೆಂದು ಬೇರೆ ಸೇರಿಸಿದ.

ಅಕ್ಕ ಯಂತ್ರವನ್ನು ಇನ್ನೊಮ್ಮೆ ಆನ್ ಮಾಡಿಸಿ ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು. ಫಲಕವನ್ನು ಯಂತ್ರದ ಮೇಲಿಟ್ಟಳು.

"ಇದು ನಮ್ಮಮ್ಮ ಬಾಗಿಲು ತಟ್ತಿದ್ದ ರೀತಿ. ನಿಮಗೆ ನಾನು ಯಾವತ್ತೂ ಹೇಳಿಲ್ಲ. ಗೊತ್ತಿರೋದು ನನಗೆ, ಇವಳಿಗೆ, ಇಬ್ಬರಿಗೇ."

ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಭಾವ ಗಡಬಡಿಸಿ ಯಂತ್ರ ಆರಿಸಿದ. ಕಡ್ಡಿಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಮುಚ್ಚಿಡುವುದೇಕೆ? ಅಕ್ಕನ ಕಡೆ ತಿರುಗಿಯೂ ನೋಡದೆ ಮನೆಗೆ ಬಂದಳು.

ಸಂಜೆ ಪಾತ್ರೆ ತೊಳೆಯುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಎರಡು ಬೇಗ, ಒಂದು ನಿಧಾನ, ಮತ್ತೆ ಎರಡು ಬೇಗ. ಕಡ್ಡಿ ಕೈ ಒರೆಸಿಕೊಂಡು ಬಂದು ಚಿಲಕಕ್ಕೆ ಕೈ ಹಾಕಿದಳು, ತೆಗೆಯಲಿಲ್ಲ. ಆಚೆಯಿಂದ ಅಕ್ಕ ಬಿಕ್ಕುವುದು ಕೇಳಿಸುತ್ತಿತ್ತು. ಆ ತಟ್ಟುವಿಕೆಗೆ ಅಮ್ಮನ ಮನೆಯಲ್ಲಿ ಯಾರೂ ಎಂದೂ ಕೇಳದ ಮಾತನ್ನು ಕಡ್ಡಿ ಕೇಳಿದಳು.

"ಯಾರು?"