ಬಹುಮಾನ ಗೆದ್ದ ಪಟಕಾ

ದುಬೈನ ಇಂಟರ್‌ನ್ಯಾಷನಲ್ ಶಾಲೆಯ ವೇದಿಕೆಯ ಮೇಲೆ ನಮ್ಮ ಪಕ್ಕದ ವಿಲ್ಲಾದ ಹುಡುಗ ಧೋತರ ಉಟ್ಟು, ತಲೆಗೆ ಪಟಕಾ ಸುತ್ತಿಕೊಂಡು ನಿಂತಿದ್ದ. ತಮ್ಮ ತಮ್ಮ ದೇಶದ ಉಡುಗೆ ತೊಡುವ ಸ್ಪರ್ಧೆ. ಮೊದಲ ಬಹುಮಾನ ಅವನಿಗೇ ಬಂತು. ಅವನನ್ನು ಹಾಗೆ ಸಿಂಗರಿಸಿದ್ದು, ದಿನವೂ ಅದನ್ನೇ ಉಡುವ, ಧಾರವಾಡದಿಂದ ಬಂದಿದ್ದ ಅವನ ಅಜ್ಜ.

“ಅಜ್ಜಾರು ಎಲ್ರೀ?” ಎಂದು ಹುಡುಗನ ತಾಯಿಯನ್ನು ಕೇಳಿದೆ.

“ಕಾರಿನ್ಯಾಗ ಕುಂಡ್ರಿಸಿ ಬಂದೇನ್ರೀ. ಇಷ್ಟ ಮಂದಿ ಫಾರಿನರ್ಸ್ ಇರ್ತಾರ, ಆ ಧೋತರದಾಗ ಒಳಗ ಹೆಂಗ ಕರ್ಕೊಂಡ ಬರೂದು?” ಎಂದಳು, ಮಗನ ಧೋತರದ ನಿರಿಗೆ ಸರಿಪಡಿಸುತ್ತಾ.

ಪಾರ್ಕಿಂಗಿನಲ್ಲಿ ನನ್ನನ್ನು ಕಂಡ ಅಜ್ಜ ಕಾರಿನ ಗಾಜು ಇಳಿಸಿದರು. “ಏನ ತಂಗಿ, ಹುಡುಗನ ಪಟಕಾ ಬಿಚ್ಚಲಿಲ್ಲ ಹೌದಿಲ್ಲೋ?”

ವೇದಿಕೆಯ ಮೇಲೆ ತೆಗೆದ ಹುಡುಗನ ಫೋಟೊ ಈಗ ಅವರ ಹಾಲ್‌ನಲ್ಲಿದೆ. ಬಂದವರಿಗೆಲ್ಲ ಅವನ ತಾಯಿ “ನಮ್ಮ ಕಲ್ಚರ್ ನೋಡ್ರೀ” ಎಂದು ತೋರಿಸುತ್ತಾಳೆ. ಕಲ್ಚರನ್ನು ಪಾರ್ಕಿಂಗಿನಲ್ಲಿ ಕೂರಿಸಿ ಬಂದವಳು!